ಅವ್ವ ಹೊಂಟಾಳ

ಕೂತರೆ ಏಳಲಾಗದು, ಎದ್ದರೆ ಮತ್ತೆ ಕೂರಲಾಗದು. ಅಂಥ ಮೊಣಕಾಲು ಸಿದ್ರಾಮನವು. ಅಂಥವನನ್ನು ಮೂರು ದಿನದಿಂದ ಗೋಕಾಕದ ಆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ, ಮುಂದೆ ಎರಡು ಟ್ರಂಕು ಇಟ್ಟಿದ್ದರು. ಟ್ರಂಕಿನ ಬಾಯಿ ತನಕ ಕಾಗದ. ಒಬ್ಬ ಮನುಷ್ಯನ ಪೂರಾ ಆಯುಷ್ಯದ ಕಾಗದವೆಂದರೆ ಹುಡುಗಾಟವೇ? ಇನ್‌ಲ್ಯಾಂಡು, ಕಾರ್ಡು, ಖಾಕಿ ಲಕೋಟೆ, ತುಕ್ಕು ಹಿಡಿದ ಗುಂಡುಸೂಜಿ, ಜಿರಲೆಯ ಹಿಕ್ಕೆ. ಮೊದಲ ದಿನ ಶುರುವಾದ ಸೀನು ಇನ್ನೂ ನಿಂತಿರಲಿಲ್ಲ.

ಕಾಗದಗಳೆಲ್ಲ ಜಡ್ಜ್ ರಾವಸಾಹೇಬರವು. ಹೆಸರೇ ರಾವಸಾಹೇಬ, ಮೇಲೆ ಹುದ್ದೆಯೂ ಸಾಹೇಬರದು. ಹೀಗಾಗಿ ಕೋರ್ಟಿನ ಮಂದಿ ಬೆನ್ನ ಹಿಂದೆ ಅವರನ್ನು ‘ಡಬಲ್ ಸಾಹೇಬ್ರು’ ಎಂದು ಕರೆದು ನಗುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಎಂಬತ್ತಮೂರು ವರ್ಷ ಬಾಳಿ, ಒಂದು ಚೀಟಿಯನ್ನೂ ಹರಿದು ಬಿಸಾಡದೆ ಹೋದ ಪುಣ್ಯಾತ್ಮ. ಸಿದ್ರಾಮ ಅವರ ಕೈಕೆಳಗೆ ಇದೇ ಗೋಕಾಕದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ. ಇದ್ದದ್ದು ಎಂಟೇ ತಿಂಗಳು, ಆದರೆ ಆ ನಂಟು ಮೂವತ್ತಾರು ವರ್ಷ ಬಾಳಿತು. ಈಗ ನಿವೃತ್ತನಾಗಿ ಮೂಡಲಗಿಯಲ್ಲಿ ಹೆಂಡತಿ ಸುಂದ್ರವ್ವ ಬಡಿದ ರೊಟ್ಟಿ ತಿಂದುಕೊಂಡು ತೆಪ್ಪಗೆ ಇದ್ದವನನ್ನು ಸಾಹೇಬರ ಮಗಳು ರಾಧಿಕಾ ಫೋನು ಮಾಡಿ ಕರೆಸಿದ್ದಳು.

ರಾಧಿಕಾ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಪಾಠ ಹೇಳುವವಳು. “ಕಾಕಾ, ಎರಡ ಪಾಲ ಮಾಡಿಕೊಡ್ರಿ,” ಎಂದಿದ್ದಳು. “ಕೋರ್ಟಿನವು ಹುಕ್ಕೇರಿ ವಕೀಲರ ಲೈಬ್ರರಿಗೆ ಕೊಡೂದೈತಿ. ಮನೀವು ನನಗಿರ್ಲಿ. ಅಪ್ಪನ ಅಕ್ಷರ ನಿಮಗ ಗೊತ್ತಾದಂಗ ಯಾರಿಗೂ ಗೊತ್ತಾಗೂದಿಲ್ಲ.”

ಎರಡು ಪಾಲು ಮಾಡುವುದೆಂದರೆ ಏನು ಮಹಾ ಎಂದು ಸಿದ್ರಾಮ ಹೂಂ ಅಂದಿದ್ದ. ಕೂತ ಮೇಲೆ ತಿಳಿಯಿತು ಗುಟ್ಟು. ಹೆಂಡತಿಗೆ ಬರೆದ ಪತ್ರದಲ್ಲಿ ಸಾಹೇಬರು, ‘ಉಪ್ಪಿನಕಾಯಿ ಡಬ್ಬಿ ತಲುಪಿರುತ್ತದೆ. ಪರಿಶೀಲಿಸಲಾಗಿ ಉಪ್ಪು ಹೆಚ್ಚಾದದ್ದು ಕಂಡುಬಂದಿದೆ. ಮುಂದಿನ ಸಲ ಸರಿಪಡಿಸತಕ್ಕದ್ದು’ ಎಂದು ಬರೆದಿದ್ದರು. ಮೇಲಿನ ಕೋರ್ಟಿಗೆ ಬರೆದ ಪತ್ರದಲ್ಲೋ, ‘ಮಾಳಿಗೆ ಸೋರುತ್ತಿದೆ. ಸಿಪಾಯಿ ನಬಿಲಾಲನಿಗೆ ಕೆಮ್ಮು ಹತ್ತಿದೆ. ಅವನ ಹೆಂಡತಿ ಮೈನಾಬಿ ನಿನ್ನೆ ಬಂದು ನನ್ನ ಮುಂದೆ ಅತ್ತಳು. ನನಗೂ ಮನಸ್ಸು ಸರಿಯಿಲ್ಲ’ ಎಂದಿತ್ತು. ಯಾವುದು ಮನೆಯದು, ಯಾವುದು ಕೋರ್ಟಿನದು? ಸಿದ್ರಾಮ ಒಂದೊಂದನ್ನೂ ಎರಡೆರಡು ಸಲ ಓದಿ, ಒಮ್ಮೆ ಈ ಕಡೆ ಇಟ್ಟು, ಮತ್ತೆ ಎತ್ತಿ ಆ ಕಡೆ ಇಟ್ಟು, ದಿನ ಕಳೆಯುವುದರಲ್ಲಿ ಸುಸ್ತಾಗಿ ಹೋಗುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ರಾಧಿಕಾ ಚಹಾ ತಂದಿಟ್ಟು ಅವನ ಎದುರಿಗೇ ನೆಲದ ಮೇಲೆ ಕೂತಳು.

“ಕಾಕಾ, ಘೋಡಗೇರಿ ಕಾಗದ ಯಾವರ ಸಿಕ್ಕಾವೇನ್ರಿ?”

“ಇನ್ನೂ ಇಲ್ಲ ಯವ್ವಾ. ಯಾಕ?”

ಘೋಡಗೇರಿ ಸಾಹೇಬರ ಹುಟ್ಟೂರು. ಅಲ್ಲಿ ಅವರ ಅಣ್ಣ ಮಾಳಪ್ಪ ಇದ್ದ, ಎಂಬತ್ತೇಳರ ಮುದುಕ. ಅಣ್ಣತಮ್ಮಂದಿರಿಗೆ ಮಾತು ಬಿಟ್ಟಿತ್ತು ಎಂಬುದು ಸಿದ್ರಾಮನಿಗೆ ಗೊತ್ತು. ಹೊಲದ ವ್ಯಾಜ್ಯವಿರಬೇಕು, ಯಾರ ಮನೆಯಲ್ಲಿ ಇಲ್ಲ ಅದು, ಎಂದುಕೊಂಡು ಎಂದೂ ಕೇಳಿರಲಿಲ್ಲ.

“ದೊಡ್ಡಪ್ಪ ನಮ್ಮಪ್ಪಗ ಮಣ್ಣ ಕೊಡಾಕೂ ಬರಲಿಲ್ಲ,” ಎಂದಳು ರಾಧಿಕಾ. “ಇನ್ನ ಎಂಟ ದಿನಕ್ಕ ವರ್ಸದ ಕಾರ್ಯ. ಎರಡ ಸಲ ಹೋಗಿ ಕರದ ಬಂದೆ. ಉಣಸ್ತಾನ, ತಲಿ ಮ್ಯಾಲ ಕೈ ಇಡತಾನ. ‘ನಿಮ್ಮಪ್ಪನ ಹೆಸರಿಗೆ ಮಾತ್ರ ನಾ ಬರೂದಿಲ್ಲ’ ಅಂತಾನ. ಅಜ್ಜಿ ಸಾಯೂ ಮುಂದ ಕಾರ್ಡ್ ಹಾಕಿದ್ನಂತ. ಗೋಕಾಕದಾಗ ಇದ್ದು ಅಪ್ಪ ಬರಲಿಲ್ಲಂತ. ಅಪ್ಪನ ಕೇಳಿದ್ರ ಒಂದ ದಿನಾನೂ ಬಾಯಿ ಬಿಡಲಿಲ್ಲ.” ಒಂದು ಕಾಗದ ಎತ್ತಿ ಅಪ್ಪನ ಅಕ್ಷರ ನೋಡಿದಳು. “ನಮ್ಮಪ್ಪ ಖರೇನ ಅಷ್ಟ ಕಲ್ಲಾಗಿದ್ದನೇನ್ರಿ ಕಾಕಾ?”

ಸಿದ್ರಾಮನಿಗೆ ಸಿಟ್ಟೇ ಬಂತು. “ಕಾರ್ಡ್ ಹಾಕಿರಾಕಿಲ್ಲ ಯವ್ವಾ ಅವ್ರು! ಆ ಎಂಟ ತಿಂಗಳದಾಗ ನನ್ನ ಕೈ ದಾಟದ ಒಂದ ಟಪಾಲ ಒಳಗ ಹೋಗಿಲ್ಲ. ಅಂಥಾ ಕಾಗದ ಬಂದಿದ್ರ ನನಗ ಗೊತ್ತಾಗತಿದ್ದಿಲ್ಲ? ನಿಮ್ಮ ದೊಡ್ಡಪ್ಪಗ ವಯಸ್ಸಾಗೇತಿ, ಏನೋ ಅಂತಾರ.”

ಕೊಚ್ಚಿಕೊಂಡ ಮಾತಲ್ಲ ಅದು, ಖರೆ. ಆಗ ಹಾಗೇ ಇತ್ತು ವ್ಯವಸ್ಥೆ. ನ್ಯಾಯಾಧೀಶರನ್ನು ಹುಟ್ಟೂರಿನ ಹತ್ತಿರ ಹಾಕುವ ಪದ್ಧತಿಯೇ ಇಲ್ಲ. ಯಾರೋ ರಜೆ ಹೋದರೆಂದು ಎಂಟು ತಿಂಗಳ ಮಟ್ಟಿಗೆ ರಾವಸಾಹೇಬರಿಗೆ ಗೋಕಾಕದ ಪ್ರಭಾರ ಬಂದಿತ್ತು. ಅದೇ ಹೊತ್ತಿಗೆ ಅಣ್ಣ ಮಾಳಪ್ಪನ ಹೊಲದ ಖಟ್ಲೆ ಹುಕ್ಕೇರಿ ಕೋರ್ಟಿನಲ್ಲಿ ನಡೆದಿತ್ತು. ತಮ್ಮ ಜಡ್ಜ್ ಆಗಿ ಬಾಜೂ ಊರಿಗೆ ಬಂದಿದ್ದಾನೆಂದರೆ ಜನ ಬಿಟ್ಟಾರೆಯೇ? ಸಾಹೇಬರು ಮೊದಲ ದಿನವೇ ಸಿದ್ರಾಮನನ್ನು ಕರೆದು ಕಟ್ಟಪ್ಪಣೆ ಮಾಡಿದರು. ಘೋಡಗೇರಿಯ ಕಾಗದ ಬಂದರೆ ನನ್ನ ಕೈಗೆ ಕೊಡಬೇಡ. ನೀನೇ ಒಡೆದು ಓದು. ಖಟ್ಲೆಯ ಮಾತು ಬಿಟ್ಟು ಉಳಿದದ್ದರ ಸಾರಾಂಶ ಮಾತ್ರ ಚೀಟಿಯಲ್ಲಿ ಬರೆದು ಕೊಡು. ಮೂಲ ಕಾಗದ ಗಂಟು ಕಟ್ಟಿ ಮೊಹರು ಹಾಕಿಡು. ನಾನು ಇಲ್ಲಿಂದ ಹೋಗುವ ದಿನ ಬಿಚ್ಚಿದರಾಯಿತು.

ಸಾರಾಂಶ ಬರೆಯುವುದರಲ್ಲಿ ಸಿದ್ರಾಮ ಹುಲಿ. ಸಾಕ್ಷಿ ಕಟಕಟೆಯಲ್ಲಿ ನಿಂತು ‘ಅಂವ ನನ್ನ ಹೊಡದಾ, ನಾ ಬಿದ್ದೆ’ ಎಂದು ಗೋಳಾಡಿದರೆ, ಇವನ ಲೇಖನಿಯಿಂದ ‘ಸದರಿ ಇಸಮನು ಹಲ್ಲೆ ಮಾಡಲಾಗಿ ನಾನು ನೆಲಕ್ಕೆ ಬಿದ್ದಿರುತ್ತೇನೆ’ ಎಂದು ಇಳಿಯುತ್ತಿತ್ತು. ಹಳ್ಳಿಯ ಬಾಯಿಮಾತು ಇವನ ಕೈಯಲ್ಲಿ ಅಂಗಿ ಟೋಪಿ ಹಾಕಿಕೊಂಡು ನಿಲ್ಲುತ್ತಿತ್ತು. ‘ಸಿದ್ರಾಮ ಬರದ್ನೆಂದ್ರ ಒಂದ ಅಕ್ಷರ ತಪ್ಪಿರಾಕಿಲ್ಲ’ ಎಂದು ವಕೀಲರು ಹೊಗಳುತ್ತಿದ್ದರು. ಅವನ ಇಡೀ ನೌಕರಿಯ ಮರ್ಯಾದೆ ಆ ಒಂದು ಮಾತಿನ ಮೇಲೆ ನಿಂತಿತ್ತು.

ರಾಧಿಕಾ ಎದ್ದು ಒಳಗೆ ಹೋದಳು. ಸಿದ್ರಾಮ ಸಿಟ್ಟಿನಲ್ಲೇ ಟ್ರಂಕಿನ ತಳಕ್ಕೆ ಕೈ ಹಾಕಿದ. ಅಲ್ಲಿ ಒಂದು ಹಳದಿ ಲಕೋಟೆ. ಮೇಲೆ ಸಾಹೇಬರ ಕೈಯಿಂದ ‘ಮನೆ’ ಎಂದಿತ್ತು. ಒಳಗೆ ಒಂದು ಕಾರ್ಡು, ಅದಕ್ಕೊಂದು ಚೀಟಿ ಚುಚ್ಚಿತ್ತು. ಚೀಟಿಯ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ತನ್ನದೇ.

ಕಾರ್ಡಿನಲ್ಲಿ ಸಾಲಿ ಮಾಸ್ತರರ ದುಂಡು ಅಕ್ಷರದಲ್ಲಿ ಇಷ್ಟೇ ಇತ್ತು: ‘ತಮ್ಮ ರಾವಸಾಹೇಬಗ ಮಾಳಪ್ಪನ ಆಶೀರ್ವಾದ. ಅವ್ವ ಹೊಂಟಾಳ. ನಿನ್ನ ದಾರಿ ನೋಡಾಕತ್ತಾಳ.’

ಚೀಟಿಯಲ್ಲಿ ಸಿದ್ರಾಮ ಬರೆದಿದ್ದ: ‘ತಾಯಿಯವರು ಇತ್ತ ಹೊರಟಿರುತ್ತಾರೆ. ದಾರಿಯಲ್ಲಿ ತಮ್ಮನ್ನು ನಿರೀಕ್ಷಿಸುತ್ತಾರೆ.’

ಅಯ್ಯೋ ಶಿವನೇ! ಆ ದಿನ ನೆನಪಾಯಿತು. ನಲವತ್ತು ಟಪಾಲು ಬಂದಿದ್ದವು, ಹೊರಗೆ ಪಕ್ಷಗಾರರ ಗದ್ದಲ. ಎರಡು ತಿಂಗಳ ಹಿಂದೆ ಕಣ್ಣು ತೋರಿಸಲು ಆ ಮುದುಕಿ ಗೋಕಾಕಕ್ಕೆ ಬಂದಾಗಲೂ ‘ಅವ್ವ ಹೊಂಟಾಳ, ಸಂತಿ ದಿನ ಬರತಾಳ’ ಎಂದೇ ಕಾರ್ಡು ಬಂದಿತ್ತು. ಅದೇ ಗುಂಗಿನಲ್ಲಿ ಓದಿದ, ಅದೇ ಗುಂಗಿನಲ್ಲಿ ಬರೆದ. ಮರುದಿನ ಮುದುಕಿ ತೀರಿಕೊಂಡ ಸುದ್ದಿ ಬಂದಾಗ, ಪಾಪ, ಹೊರಟವರು ಮನೆ ಬಿಡುವ ಮುಂಚೆಯೇ ಹೋಗಿಬಿಟ್ಟರಲ್ಲ ಎಂದು ಮರುಗಿದ್ದ. ತಾನೇ ಮರುಗಿದ್ದ, ಬುದ್ಧಿಗೇಡಿ!

ಚೀಟಿಯ ಹಿಂದೆ ಸಾಹೇಬರ ಅಕ್ಷರವಿತ್ತು. ತೀರ್ಪಿನ ಕೊನೆಗೆ ಹಾಕುವಂಥ ಪೂರ್ತಿ ಸಹಿ, ಕೆಳಗೆ ಪ್ರಭಾರ ಮುಗಿದ ದಿನದ ತಾರೀಖು. ‘ಮೂಲ ಕಾಗದ ನೋಡದೆ ಸಾರಾಂಶ ನಂಬಿದ್ದು ನನ್ನ ತಪ್ಪು. ಸಾರಾಂಶ ಬರೆಯಲು ಹೇಳಿದವನೂ ನಾನೇ. ಗುಮಾಸ್ತನ ಮೇಲೆ ತಪ್ಪಿಲ್ಲ. ಈ ವಿಷಯವನ್ನು ಗುಮಾಸ್ತನಿಗೆ ತಿಳಿಸತಕ್ಕದ್ದಲ್ಲ.’

ಚಹಾ ಆರಿ ಕೆನೆಗಟ್ಟಿತು. ಆ ಎಂಟು ತಿಂಗಳಾದ ಮೇಲೆ ಸಿದ್ರಾಮ ಮೂವತ್ತು ದೀಪಾವಳಿಗೆ ಸಾಹೇಬರ ಮನೆಗೆ ಹೋಗಿದ್ದ. ‘ಸಿದ್ರಾಮ, ಬಾ, ಉಣ್ಣು’ ಎಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಮಗನ ಮದುವೆಗೆ ಬಂದು ಅಕ್ಷತೆ ಹಾಕಿದ್ದರು. ಒಂದು ದಿನವೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಅಣ್ಣನ ಬಾಯಿಂದ ಕಲ್ಲು ಎನಿಸಿಕೊಂಡರು, ಮಗಳ ಕಣ್ಣಲ್ಲಿ ಕಲ್ಲಾದರು, ಹಾಗೇ ಮಣ್ಣಿಗೂ ಹೋದರು.

ಯಾವ ಪಾಲಿಗೆ ಇಡಬೇಕು ಇದನ್ನು? ಮನೆಯ ಪಾಲಿಗೆ ಇಟ್ಟರೆ ನಾಳೆ ರಾಧಿಕಾ ಓದುತ್ತಾಳೆ. ಕೋರ್ಟಿನ ಪಾಲಿಗೆ ಇಟ್ಟರೆ ಹುಕ್ಕೇರಿಯ ವಕೀಲರೆಲ್ಲ ಓದುತ್ತಾರೆ. ಅವನು ಎರಡೂ ಕಡೆ ಇಡಲಿಲ್ಲ. ಲಕೋಟೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಮೈ ಸರಿಯಿಲ್ಲ ಯವ್ವಾ ಎಂದು ಹೇಳಿ, ಮೂಡಲಗಿಯ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಸುಂದ್ರವ್ವ ಬಟ್ಟೆ ನೆನೆಹಾಕಲು ಕೂತವಳು ಕಿಸೆ ತಡವಿದಳು. ನಾಲ್ಕನೆಯ ಇಯತ್ತೆ ಓದಿದ ಹೆಂಗಸು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಕಾರ್ಡು ಕಣ್ಣ ಹತ್ತಿರ ಹಿಡಿದು ಓದಿದಳು.

“ಅಯ್ಯ, ಯಾರ ತಾಯಿ ಇದು? ಪಾಪ, ಮಗನ ಮಾರಿ ನೋಡಿ ಜೀವ ಬಿಟ್ಟಳೋ ಇಲ್ಲೋ?”

ಕಟ್ಟೆಯ ಮೇಲೆ ಕೂತಿದ್ದ ಸಿದ್ರಾಮ ಬೆಚ್ಚಿದ. “ಓದಿದ ಕೂಡ್ಲೆ ನಿನಗ ಹಂಗ ತಿಳೀತೇನ?”

“ಮತ್ತ ಹ್ಯಾಂಗ ತಿಳೀಬೇಕ್ರಿ? ದಾರಿ ನೋಡಾಕತ್ತಾಳ ಅಂದ್ರ ಮಗಗಾಗಿ ಜೀವಾ ಹಿಡಕೊಂಡಾಳಂತ. ನಮ್ಮ ಎಮ್ಮೀ ಕರಕ್ಕೂ ತಿಳೀತೈತಿ.”

“ನನಗ ತಿಳೀಲಿಲ್ಲ,” ಎಂದ ಸಿದ್ರಾಮ. ಆಮೇಲೆ ಎಲ್ಲ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ, ಬಕೀಟಿನ ನೊರೆ ನೋಡಿದ.

ಸುಂದ್ರವ್ವ ಕಾರ್ಡನ್ನು ಒದ್ದೆಯಾಗದಂತೆ ಕಟ್ಟೆಯ ಮೇಲಿಟ್ಟಳು. “ಹೋಗಿ ಹೇಳ್ರಿ ಆ ಮುದುಕಗ,” ಎಂದಳು ಕೊನೆಗೆ.

“ಸಾಹೇಬ್ರ ಆದೇಶ ಐತಲ್ಲ, ತಿಳಿಸತಕ್ಕದ್ದಲ್ಲ ಅಂತ.”

“ನಿಮಗ ತಿಳಿಸಬ್ಯಾಡ ಅಂದಾರ. ನೀವು ಯಾರಿಗೂ ತಿಳಿಸಬ್ಯಾಡ್ರಿ ಅಂದಿಲ್ಲಲ್ಲ.” ಯಾವ ವಕೀಲನಿಗೂ ಹೊಳೆಯದ ಮಾತು ಅದು. “ಸತ್ತವ್ರು ನಿಮ್ಮ ತಪ್ಪ ಹೊತಗೊಂಡ ಹೋದ್ರು. ನೀವು ಇಸ್ತ್ರಿ ಅಂಗಿ ಹಾಕ್ಕೊಂಡ ಕಟ್ಟಿ ಮ್ಯಾಲ ಕುಂತೀರಿ. ಆ ಮುದುಕನೂ ಹಿಂಗ ಹೋದ್ರ ಆಮ್ಯಾಲ ಯಾರಿಗೆ ಹೇಳತೀರಿ? ನನಗ? ನಾ ಏನ್ ಮಾಡ್ಲಿ ಅದನ್ನ ತಗೊಂಡು?”

ಎದ್ದ ಸಿದ್ರಾಮ. ಮೂಡಲಗಿಯಿಂದ ಗೋಕಾಕ, ಗೋಕಾಕದಲ್ಲಿ ಬಸ್ಸು ಬದಲಿಸಿ ಘೋಡಗೇರಿ. ಗೋಕಾಕದಲ್ಲಿ ಇಳಿದಾಗ ರಾಧಿಕಾಳಿಗೆ ಮೊದಲು ಹೇಳೋಣವೇ ಅನಿಸಿತು. ಆದರೆ ಕಾಗದ ಬರೆಸಿದವನಿಗೆ ಮೊದಲು ಉತ್ತರ ಹೋಗಬೇಕು. ನೌಕರಿಯಲ್ಲಿ ಕಲಿತ ಪದ್ಧತಿ ಅದು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮುಂದಿನ ಬಸ್ಸಿಗೆ ಕಾದ. ಕಾರ್ಡು ಬಂದ ದಿನ ಸಾಹೇಬರು ಕೂತಿದ್ದ ಹಳೆಯ ಬೆಂಚು ಯಾವಾಗಲೋ ಹೋಗಿತ್ತು, ಇದು ಹೊಸದು. ಆದರೂ ಅದರ ಮೇಲೆ ಕೂರಲು ಅವನಿಗೆ ಒಂಥರಾ ಆಯಿತು. ಮೊಣಕಾಲು ಜೀವ ಹಿಂಡುತ್ತಿದ್ದವು. ಬಸ್ಸು ತಪ್ಪಿದರೆ ಎಷ್ಟು ಚೆನ್ನ ಎಂದು ಒಂದು ಮನಸ್ಸು ಹೇಳಿತು. ಹಾಳಾದದ್ದು, ಅಂದು ಹೊತ್ತಿಗೆ ಸರಿಯಾಗಿ ಬಂತು.

ಮಾಳಪ್ಪ ಮನೆಯ ಮುಂದಿನ ಕಟ್ಟೆಯಲ್ಲಿ ತಲೆಯ ಪಟಗಾ ಬಿಚ್ಚಿಟ್ಟು ಬಿಸಿಲಿಗೆ ಮೈ ಕಾಯಿಸುತ್ತಿದ್ದ. ಮೊಮ್ಮಗಳು ಕಾಜಲ್ ನೀರಿನ ತಂಬಿಗೆ ತಂದಿಟ್ಟಳು.

“ಯಾರಪಾ ನೀ?”

“ಮೂಡಲಗಿ ಸಿದ್ರಾಮ್ರಿ ಕಾಕಾರ. ಗೋಕಾಕ ಕೋರ್ಟಿನ್ಯಾಗ ಗುಮಾಸ್ತ ಇದ್ದೆ. ನಿಮ್ಮ ತಮ್ಮಾರ ಕೈಕೆಳಗ.”

ಮುದುಕನ ಮುಖ ಬಿಗಿಯಿತು. “ನೀರ ಕುಡದ ಹೋಗು.”

“ನೀರ ಆಮ್ಯಾಲ್ರಿ. ನಿಮ್ಮದ ಒಂದ ಕಾಗದ ಐತಿ. ಜವಾಬ ಕೊಡೂದ ಮೂವತ್ತೇಳ ವರ್ಸ ತಡಾ ಆಗೇತಿ.”

ನಿಂತುಕೊಂಡೇ ಕಾರ್ಡು ಓದಿದ. ಓದುತ್ತಿದ್ದಂತೆ ಮುದುಕನ ತುಟಿಯೂ ಅದೇ ಮಾತಿಗೆ ಅಲುಗಿತು. ಅಕ್ಷರ ಬಾರದ ಮನುಷ್ಯ, ಆದರೆ ಬರೆಸಿದ್ದನ್ನು ಮರೆತಿರಲಿಲ್ಲ.

“ಅದ ಅದು,” ಎಂದ ಮಾಳಪ್ಪ. “ಮಾಸ್ತರ ‘ಸಾಯಾಕತ್ತಾಳಂತ ಬರೀಲೇನು’ ಅಂದಾ. ಒಳಗ ಅವ್ವ ಉಸರ ಆಡಾಕತ್ತಿದ್ಳು. ಆ ಮಾತ ಬಾಯಾಗ ಹ್ಯಾಂಗ ತರೂದು? ‘ಹೊಂಟಾಳಂತ ಬರಿ, ನಮ್ಮ ರಾವ್ಯಾಗ ತಿಳೀತೈತಿ’ ಅಂದೆ. ಆಳ ಕಳಸಬೇಕಿತ್ತು. ಮೊದಲೊಮ್ಮಿ ಕಳಸಿದ್ದೆ, ‘ಏನಿದ್ರೂ ಕಾಗದ ಬರಿ’ ಅಂತ ಬಾಗಲದಾಗಿಂದ ಹೊಳ್ಳಿ ಕಳಸಿದ್ದ. ಅದಕ್ಕ ಕಾರ್ಡ್ ಹಾಕಿದೆ. ತಿಳಿದೂ ಬರಲಿಲ್ಲಂವ.”

“ಅವ್ರು ಓದಿದ್ರ ತಿಳೀತಿತ್ರಿ. ಅವ್ರ ಕೈಗೆ ಕಾರ್ಡ್ ಮುಟ್ಟಲಿಲ್ಲ. ನಾ ಓದಿದೆ. ನನಗ ತಿಳೀಲಿಲ್ಲ.” ಚೀಟಿ ತೆಗೆದು ಅದನ್ನೂ ಓದಿದ. ಧ್ವನಿ ಸಣ್ಣದಾಗಿತ್ತು.

“ಇತ್ತ ಅಂದ್ರೇನು?” ಮುದುಕ ತಡೆದು ಕೇಳಿದ.

“ಈ ಕಡೆ ಅಂತ್ರಿ. ಗೋಕಾಕಕ್ಕ.”

“ಅದನ್ನ ನಾ ಬರಸಿದ್ದಿಲ್ಲ.”

“ಇಲ್ರಿ. ಅದ ನಂದು. ಆ ಒಂದ ಶಬ್ದ ನಾ ಕೂಡಿಸಿದ್ದು.”

ಮಾಳಪ್ಪನ ಕೈ ಬಡಿಗೆಯ ಮೇಲೆ ಹೋಯಿತು. ಹೊಡೆದರೆ ಹೊಡೆಯಲಿ ಎಂದು ಸಿದ್ರಾಮ ತಲೆ ತಗ್ಗಿಸಿ ನಿಂತ. ಹಾಗೇ ನಿಂತು ಚೀಟಿಯ ಹಿಂದಿನದನ್ನೂ ಓದಿದ, ‘ತಿಳಿಸತಕ್ಕದ್ದಲ್ಲ’ ಎನ್ನುವ ತನಕ, ಸಹಿ ತಾರೀಖಿನ ಸಮೇತ. ಬಡಿಗೆ ಏಳಲಿಲ್ಲ.

“ಮರುದಿನ ಬಂದಿದ್ದ,” ಎಂದ ಮುದುಕ ನಿಧಾನಕ್ಕೆ. “ಬಾಗಲದಾಗ ನಿಂತಿದ್ದ. ಬಾಯಿಗೆ ಬಂದಂಗ ಬೈದೆ. ಒಂದ ಮಾತ ಆಡಲಿಲ್ಲ. ಆಮ್ಯಾಲ ಎರಡ ಕಾಗದ ಬಂದಿದ್ವು. ಒಡೀಲಿಲ್ಲ ನಾ. ಒಲಿಗೆ ಹಾಕಿದೆ.” ಮತ್ತೆ ಕೇಳಿದ: “ನಿನ್ನ ಚೀಟಿ ಓದಿ ಆವತ್ತ ಏನ್ ಮಾಡಿದಂವ?”

“ಬಸ್ ಸ್ಟ್ಯಾಂಡಿಗೆ ಹೋಗಿದ್ರು. ಸಿಪಾಯಿ ನಬಿಲಾಲ ಜೊತಿಗಿದ್ದ, ಅಂವ ಹೇಳಿದ್ದು. ಅಂವ ನಾ ಹೋಗತೇನಂದ್ರ ‘ನೀ ಯಾಕ, ನಾನ ಕರಕೊಂಡ ಬರತೇನಿ’ ಅಂದ್ರಂತ. ಅವ್ವಗ ಹಲ್ಲಿಲ್ಲಂತ ಬಾಳಿಹಣ್ಣ ತಗೊಂಡಿದ್ರಂತ. ಈ ಕಡೆಯಿಂದ, ಘಟಪ್ರಭಾ ಮ್ಯಾಲ ಹಾದ ಬಂದ ಒಂದೊಂದ ಬಸ್ಸಿನ ಮೆಟ್ಲಾ ಹತ್ತಿ ಒಳಗ ಹಣಿಕಿ ನೋಡತಿದ್ರಂತ, ಮುದುಕಿಗೆ ಇಳ್ಯಾಕ ಆಗೂದಿಲ್ಲಂತ. ಏಳರ ಬಸ್ಸಿನ ತನಕ ಕುಂತಿದ್ರು.”

ಮಾಳಪ್ಪ ಪಟಗಾದ ತುದಿಯಿಂದ ಕಣ್ಣು ಒತ್ತಿಕೊಂಡ.

“ಅವ್ವ ಆರೂವರಿಗೆ ಹೋದ್ಳು. ಬಾಗಲ ಕಡೆ ಮಾರಿ ಮಾಡಿ ಮಲಗಸಂತ ಹೇಳಿದ್ಳು.” ಮುದುಕ ಬಾಗಿಲ ಕಡೆ ತಿರುಗಿದ. “ಆಕಿ ಇಲ್ಲಿ ದಾರಿ ನೋಡಿದ್ಳು. ಅಂವ ಅಲ್ಲಿ ದಾರಿ ನೋಡಿದಾ. ನಾ ನಡುವ ಕುಂತ ಇಷ್ಟ ವರ್ಸ ಬೈದೆ.”

ಸಿದ್ರಾಮ ಕಟ್ಟೆಯ ಅಂಚಿಗೆ ಕುಸಿದು ಕೂತ. ತಪ್ಪಾಯಿತು ಎನ್ನಬೇಕೆಂದಿದ್ದ; ಇಡೀ ದಾರಿ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅದು ಬಾಯಿಗೆ ಬರುವ ಮುಂಚೆ ಮುದುಕನೇ ತಂಬಿಗೆಯನ್ನು ಅವನ ಕಡೆ ಸರಿಸಿದ.

“ಕುಡಿ ತಮ್ಮಾ. ನೀನೂ ದಣದೀ.”

ಸಿದ್ರಾಮ ಕುಡಿದ. ಮುದುಕ ಪಟಗಾ ಸುತ್ತಿಕೊಳ್ಳತೊಡಗಿದ. ಕೈ ಸೋತು ಸುತ್ತು ಎರಡು ಸಲ ಜಾರಿತು, ಮೂರನೆಯ ಸಲ ಕಾಜಲ್ ಬಂದು ಸರಿಮಾಡಿದಳು.

“ಗೋಕಾಕದ ಹುಡುಗಿಗೆ ಫೋನ್ ಹಚ್ಚ ಯವ್ವಾ,” ಎಂದ ಮಾಳಪ್ಪ. “ಎಂಟ ದಿನ ಯಾಕ, ಇವತ್ತ ಹೋಗೂನು. ಅವನ ಮಣ್ಣಿನ ಮುಂದ ಒಂದ ಗಳಿಗಿ ಕುಂದರಬೇಕು ನಾ.”

ಕಾಜಲ್ ಫೋನು ಹಚ್ಚಿ ಸಿದ್ರಾಮನ ಕೈಗೆ ಕೊಟ್ಟಳು. ಆ ಕಡೆ ರಾಧಿಕಾಳ ಧ್ವನಿ ಕೇಳಿತು. ಅವಳಿಗೆ ಹೇಳಬೇಕಾದದ್ದು ಬಹಳವಿತ್ತು, ಅದನ್ನೆಲ್ಲ ಎದುರಿಗೆ ಕೂತು ಹೇಳಬೇಕು. ಸದ್ಯಕ್ಕೆ ಇಷ್ಟು.

“ಯವ್ವಾ, ಸಿದ್ರಾಮ ನಾ. ಘೋಡಗೇರಿಯಾಗ ಅದೇನಿ. ನಿಮ್ಮ ದೊಡ್ಡಪ್ಪ ಹೊಂ...”

ಮುದುಕ ಗಪ್ಪನೆ ಅವನ ಮಣಿಕಟ್ಟು ಹಿಡಿದ. ಆ ವಯಸ್ಸಿಗೆ ಆ ಹಿಡಿತ ಎಲ್ಲಿಂದ ಬಂತೋ.

“ಹೊಂಟಾನ ಅನಬ್ಯಾಡೋ ಮಾರಾಯಾ! ಒಮ್ಮಿ ಆಗಿದ್ದ ಸಾಕು. ಬರಾಕತ್ತಾನ ಅನ್ನು.”

“ನಿಮ್ಮ ದೊಡ್ಡಪ್ಪ ಬರಾಕತ್ತಾನ,” ಎಂದ ಸಿದ್ರಾಮ. ಒಂದು ಶಬ್ದ ಕೂಡಿಸಲಿಲ್ಲ, ಒಂದು ಬಿಡಲಿಲ್ಲ.